ಹೆಬ್ಬೆರಳು ಎರಡು ಸಲ ತಟ್ಟಿತು

"ಇಲ್ಲಿ ನೋಡಿ ಟೈಲರಕ್ಕ, ಇಲ್ಲಿ," ಅಂತ ಫೋನನ್ನ ಅವರ ಹೊಲಿಗೆ ಮಿಷನ್ ಮೇಲೆ, ಸೂಜಿ ಪಕ್ಕದಲ್ಲೇ ಇಟ್ಟೆ. "ಬಲಗೈ ಮಣಿಕಟ್ಟು ನೋಡಿ. ಬಂತು, ಬಂತು... ತಿರುಗ್ತು. ಅಂಗೈ ಪೂರ್ತಿ ಮೇಲಕ್ಕೆ. ನೋಡಿದ್ರಾ?"

ಫೋನಲ್ಲಿ ಕಪ್ಪು ಗ್ಲೌಸ್ ಹಾಕಿದ ಎರಡು ಕೈ. ಮುಖ ಇಲ್ಲ, ದನಿ ಇಲ್ಲ. ಜಾದೂಗಾರರ ಸಂಘ ಇಷ್ಟು ವರ್ಷ ಜೋಪಾನವಾಗಿ ಮುಚ್ಚಿಟ್ಟಿದ್ದ ಇಸ್ಪೀಟ್ ಗುಟ್ಟುಗಳನ್ನ ಒಂದೊಂದಾಗಿ ಬಿಚ್ಚಿ ಊರಿಗೆಲ್ಲ ತೋರಿಸ್ತಾ ಇರೋ ಕೈ. ಅವು ಮೇಷ್ಟ್ರ ಕೈ ಅಂತ ಸಂಘದವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ರು. ಇವತ್ತು ಸಂಜೆ ಸಭೆ. ಅಷ್ಟರಲ್ಲಿ ಅವು ಅವರ ಕೈ ಅಲ್ಲ ಅಂತ ನಾನು ತೋರಿಸದೇ ಹೋದ್ರೆ ಮೇಷ್ಟ್ರು ಸಂಘದಿಂದ ಹೊರಗೆ. ಕೈ ಸರಿ ಬರದವರಿಗೆ ಅವರು ಜಾದೂ ಪಾಠ ಹೇಳೋ, ಸಂಘದ ಹಾಲ್ ಹಿಂದಿನ ಕೋಣೆಗೂ ಬೀಗ.

"ಇದು ನಿಮ್ಮಣ್ಣನ ಕೈ ಅಲ್ಲವೇ ಅಲ್ಲ," ಅಂದೆ. "ಯಾರೋ ಅವರ ಥರ ನಾಟಕ ಮಾಡಿದಾರೆ. ಎಡಗೈಲಿ ಚೆನ್ನಾಗಿ ಮಾಡಿದಾರೆ, ಬಲಗೈಲಿ ಮರ್ತುಬಿಟ್ಟಿದಾರೆ. ಕೇಸ್ ಮುಗೀತು ಅಕ್ಕ. ಟೀ ಹೇಳಿ."

ಲಾರಿ ಬಾಗಿಲಿಗೆ ಎರಡೂ ಕೈ ಸಿಕ್ಕಿ ಜಜ್ಜಿಹೋದ ಮೇಲೆ ಮೇಷ್ಟ್ರ ಬಲ ಮಣಿಕಟ್ಟು ತುಕ್ಕು ಹಿಡಿದ ಚಿಲಕದ ಹಾಗೆ, ತಿರುಗಲ್ಲ. ಏನಾದ್ರೂ ಕೊಟ್ರೆ ಅಂಗೈ ಒಡ್ಡಕ್ಕಾಗಲ್ಲ, ಮೇಲಿಂದ ಎತ್ಕೋತಾರೆ, ಹದ್ದು ಎತ್ಕೊಂಡ ಹಾಗೆ. ಎಡಗೈಯ ಕೊನೇ ಎರಡು ಬೆರಳು ಮಡಚಿಕೊಂಡೇ ಉಳಿದಿವೆ. ಇಂಥ ಕೈಯಲ್ಲೂ ಅವರು ಆಟ ಬಿಟ್ಟಿಲ್ಲ, ಆಟವನ್ನೇ ಬದಲಾಯಿಸಿದ್ರು. ಬೇರೆ ಜಾದೂಗಾರರು ನೀವು ಆರಿಸಿದ ಎಲೆ ಕಟ್ಟಿನಲ್ಲಿ ಎಲ್ಲಿದೆ ಅಂತ ಗೊತ್ತಿರೋಕೆ ಕಿರುಬೆರಳಿಂದ ಸಣ್ಣ ಸಂದು ಹಿಡ್ಕೋತಾರೆ. ಮೇಷ್ಟ್ರು ಅದನ್ನ ಹೆಬ್ಬೆರಳ ಬುಡದ ಮೆತ್ತನೆ ಮಾಂಸದಲ್ಲಿ ಕಚ್ಚಿಸಿಕೊಂಡ್ರು. ಜಗತ್ತಿನಲ್ಲಿ ಹಾಗೆ ಹಿಡಿಯೋರು ಅವರೊಬ್ಬರೇ ಅಂತ ಸಂಘದವರ ಲೆಕ್ಕ. ವಿಡಿಯೋದ ಎಡಗೈ ಹಾಗೇ ಹಿಡಿದಿತ್ತು. ಅಷ್ಟಕ್ಕೇ ಅವರ ಕತ್ತಿಗೆ ಹಗ್ಗ.

ಈಗ ನಾನು ಹಗ್ಗ ಬಿಚ್ಚೋ ಸುದ್ದಿ ತಂದಿದೀನಿ. ಟೈಲರಕ್ಕ ಕುಣಿದಾಡ್ತಾರೆ ಅಂದ್ಕೊಂಡಿದ್ದೆ. ಅವರು ಮೇಷ್ಟ್ರ ತಂಗಿ, ಅಣ್ಣನ್ನ ಉಳಿಸು ಅಂತ ನನ್ನನ್ನ ಕರೆದೋರು ಅವರೇ.

ಟೈಲರಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ "ಹೂಂ" ಅಂದ್ರು. ಕಾಲು ಪೆಡಲ್ ಮೇಲಿಂದ ತೆಗೀಲಿಲ್ಲ. ಯಾರದ್ದೋ ಪ್ಯಾಂಟಿನ ಅಂಚು ಪೂರ್ತಿ ಹೊಲಿದು, ದಾರ ಹಲ್ಲಲ್ಲಿ ಕಡಿದ್ರು.

ಮೇಷ್ಟ್ರ ಹಿಡಿತ ಇಷ್ಟು ಚೆನ್ನಾಗಿ ಯಾರಿಗೆ ಗೊತ್ತಿರತ್ತೆ? ಅವರ ಶರಟಿನ ಗುಂಡಿ ಹಾಕೋರಿಗೆ. ಎಲೆ ಎತ್ತೋಕೆ ಸುಲಭ ಆಗಲಿ ಅಂತ ಮೇಜಿಗೆ ಹಾಸೋ ದಪ್ಪ ಉಣ್ಣೆ ಬಟ್ಟೆಗೆ ಹಗ್ಗ ಸೇರಿಸಿ ಉಬ್ಬು ಅಂಚು ಹೊಲಿದು ಕೊಟ್ಟೋರಿಗೆ.

"ಅಕ್ಕ, ಕೋಪ ಮಾಡ್ಕೋಬೇಡಿ," ಅಂದೆ. "ಅದು ನೀವಾ?"

ಅವರು ಪಿನ್ನುಗಳನ್ನ ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ್ರು. ಆಮೇಲೆ ನಕ್ಕರು. "ಪರವಾಗಿಲ್ವೇ, ಕೊನೆಗೂ ತಲೆ ಓಡ್ತು. ನಾನು ಹೋದ ವಾರವೇ ಕೇಳ್ತೀಯ ಅಂದ್ಕೊಂಡಿದ್ದೆ."

ಗುಂಡಿ ಡಬ್ಬದ ಅಡಿಯಿಂದ ಒಂದು ಹಳೇ ಇಸ್ಪೀಟ್ ಕಟ್ಟು ತೆಗೆದ್ರು. ಎಡಗೈಲಿ ಹಿಡಿದು, ಕೊನೇ ಎರಡು ಬೆರಳು ಮಡಚಿ, ಹೆಬ್ಬೆರಳಿಂದ ಎಲೆ ತಳ್ಳೋಕೆ ಶುರು ಮಾಡಿದ್ರು. ಆಟೀನ್ ರಾಣಿ, ಕಳಾವರ್ ಗುಲಾಮ. ಮೂರನೇ ಎಲೆ ಹೊರಗೆ ಬರೋಷ್ಟರಲ್ಲಿ ಕಿರುಬೆರಳು ತಾನಾಗೇ ಮೇಲೆದ್ದುಬಿಡ್ತು.

"ನೋಡ್ದಾ? ಟೇಪಲ್ಲಿ ಕಟ್ಕೊಂಡು ನೋಡಿದೀನಿ, ದಾರದಲ್ಲಿ ಸುತ್ಕೊಂಡು ನೋಡಿದೀನಿ. ಕಟ್ಟಿದ ಬೆರಳು ಬೇರೆ, ಬರದೇ ಇರೋ ಬೆರಳು ಬೇರೆ ಕಣೇ. ಕಟ್ಟಿದ್ದು ಒದ್ದಾಡತ್ತೆ. ಬರದೇ ಇರೋದು ಸುಮ್ನೆ ಇರತ್ತೆ."

ಅವರೇ ಫೋನ್ ಎತ್ತಿ ವಿಡಿಯೋ ಮತ್ತೆ ಹಾಕಿದ್ರು.

"ಈ ಬೆರಳು ಸುಮ್ನೆ ಇದಾವೆ. ಇದು ನಾಟಕ ಅಲ್ಲ. ಎಡಗೈ ನಮ್ಮಣ್ಣಂದೇ."

"ಆದ್ರೆ ಬಲಗೈ..."

"ಬಲಗೈ ಬಿಡು. ಎಡಗೈ ಹೆಬ್ಬೆರಳು ನೋಡು. ಅಂಗೈ ತಿರುಗೋಕೆ ಮುಂಚೆ."

ನೋಡಿದೆ. ಹೆಬ್ಬೆರಳು ಕಟ್ಟಿನ ಅಂಚಿಗೆ ಎರಡು ಸಲ ಮೆಲ್ಲಗೆ ತಟ್ಟಿತು. ಆಮೇಲೆ ಬಲಗೈ ಬಂತು. ಮುಂದಿನ ಆಟಕ್ಕೆ ಹೋದೆ. ಮತ್ತೆ ತಟ್ಟು, ತಟ್ಟು. ಬಲಗೈ ಬಂತು. ಎಷ್ಟು ಸಲ ಈ ವಿಡಿಯೋ ನೋಡಿದೀನೋ ಲೆಕ್ಕವಿಲ್ಲ, ಒಂದು ಸಲವೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆ ಆಯ್ತು.

"ಏನೋ ಅಭ್ಯಾಸ ಇರಬೇಕು," ಅಂದೆ.

"ನೀನು ಜಡೆ ಹಾಕೋವಾಗ ನಿನ್ನ ಎಡಗೈ ಬಲಗೈಗೆ 'ಬಾ ಈಗ' ಅಂತ ಹೇಳತ್ತಾ?"

"ಇಲ್ಲ."

"ಯಾಕೆ?"

"ಯಾಕಂದ್ರೆ ಎರಡೂ ನನ್ನವೇ..." ಅಲ್ಲಿಗೆ ನನ್ನ ಬಾಯಿ ನಿಂತುಹೋಯ್ತು.

ಟೈಲರಕ್ಕ ತಲೆ ಆಡಿಸಿದ್ರು. ಮಿಷನ್ ಪಕ್ಕದ ಸ್ಟೂಲ್ ಎಳೆದು ನನ್ನ ಬಲಕ್ಕೆ, ಭುಜಕ್ಕೆ ಭುಜ ತಾಗೋ ಹಾಗೆ ಕೂತ್ರು.

"ಅವನ ಬಲಗೈ ವರ್ಷಪೂರ್ತಿ ಬ್ಯಾಂಡೇಜಲ್ಲಿತ್ತು. ಊಟ ಬಿಟ್ಟ, ಮಾತು ಬಿಟ್ಟ. ಒಂದಿನ ಇಸ್ಪೀಟ್ ಕಟ್ಟು ತಂದು ಅವನ ಎಡಗೈಲಿಟ್ಟು, ನಾನು ಹೀಗೆ ಪಕ್ಕದಲ್ಲಿ ಕೂತೆ. 'ನಿನ್ನ ಎಡ, ನನ್ನ ಬಲ, ನಡಿ' ಅಂದೆ. ಮೊದಲು ಎಲೆ ಎಲ್ಲ ನೆಲಕ್ಕೆ. ಇಬ್ಬರೂ ಬೈದಾಡಿಕೊಂಡ್ವಿ. ಆಮೇಲೆ ಈ ತಟ್ಟೋದು ಕಂಡುಹಿಡಿದ್ವಿ. ಅವನು ತಟ್ಟಿದ್ರೆ ನನ್ನ ಕೈ ಹೋಗ್ತಿತ್ತು, ನಾನು ಕಣ್ಣು ಮುಚ್ಚಿಕೊಂಡಿದ್ರೂ. ಕಿರುಬೆರಳ ಸಂದು ಹೆಬ್ಬೆರಳ ಬುಡಕ್ಕೆ ಬಂದಿದ್ದು ಆಗಲೇ. ಅಂಚಿನ ಬಟ್ಟೆ ಬಂದಿದ್ದೂ ಆಗಲೇ. ಮಣಿಕಟ್ಟು ತಿರುಗಿಸದೇ ಒಬ್ಬನೇ ಆಡೋಕೆ ಅವನು ಕಲಿತಿದ್ದು ಎಷ್ಟೋ ತಿಂಗಳಾದ ಮೇಲೆ. ಇದು ಸಂಘದಲ್ಲಿ ಒಬ್ಬರಿಗೂ ಗೊತ್ತಿಲ್ಲ."

"ಹಾಗಾದ್ರೆ ವಿಡಿಯೋದ ಬಲಗೈ ನಿಮ್ಮದೇ."

"ನಂದಲ್ಲ." ಅವರು ತಮ್ಮ ಬಲಗೈನ ನನ್ನ ತೊಡೆ ಮೇಲಿಟ್ರು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಪಕ್ಕ ಗಟ್ಟಿಯಾಗಿ ಗಂಟು ಕಟ್ಟಿತ್ತು. "ಈ ಗಂಟು ಎಂಥ ಗ್ಲೌಸ್ ಹಾಕಿದ್ರೂ ಕಾಣತ್ತೆ. ಅಲ್ಲಿ ಇಲ್ಲ."

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದು ಬಟ್ಟೆ ರೆಡಿನಾ ಅಂತ ಕೇಳಿದ್ರು. ಟೈಲರಕ್ಕ ನಾಳೆ ಅಂದ್ರು.

"ಅಂದ್ರೆ ನಿಮಗೆ ಮೊದಲ ದಿನದಿಂದಲೂ ಗೊತ್ತಿತ್ತು," ಅಂದೆ. "ಗೊತ್ತಿದ್ದೂ ನನ್ನನ್ನ ಗ್ಲೌಸ್ ಅಂಗಡಿ ಅಂಗಡಿ ಅಲೆಸಿದ್ರಿ. ನಾನು ಪೆದ್ದಿ ಥರ ಎಲ್ಲರ ಕೈ ನೋಡ್ಕೊಂಡು ತಿರುಗ್ದೆ."

"ನಾನು ಹೇಳಿದ್ರೆ ನೀನು ನೆಟ್ಟಗೆ ಅಣ್ಣನ ಹತ್ರ ಹೋಗ್ತಿದ್ದೆ. ಅವನು ಸುಳ್ಳು ಹೇಳ್ತಿದ್ದ. ಅದನ್ನ ನೀನು ಬಂದು ನನಗೆ ಹೇಳ್ತಿದ್ದೆ."

ಅವರು ಎದ್ದು ಕಟ್ಟನ್ನ ಮತ್ತೆ ಗುಂಡಿಗಳ ಅಡಿಗೆ ತಳ್ಳಿದ್ರು.

"ಗುಟ್ಟು ಬಿಟ್ಟುಕೊಟ್ಟ ಅಂತ ನನಗೆ ಸಂಕಟ ಇಲ್ಲ. ಕೊಡಲಿ, ಹಾಳಾಗಿಹೋಗಲಿ. ನನ್ನ ಜಾಗದಲ್ಲಿ ಇನ್ಯಾರನ್ನೋ ಕೂರಿಸಿಕೊಂಡ. ಆ ತಟ್ಟೋದನ್ನೂ ಅವರಿಗೆ ಹೇಳಿಕೊಟ್ಟ." ಡಬ್ಬದ ಮುಚ್ಚಳ ಒತ್ತಿ ಹಾಕಿದ್ರು. "ಸಭೇಲಿ ಮಣಿಕಟ್ಟಿನ ವಿಷಯ ಮಾತ್ರ ಹೇಳು. ಅಣ್ಣ ಉಳ್ಕೊಳ್ಳಲಿ. ಆ ಬಲಗೈ ಯಾರದ್ದು ಅಂತ ನನಗೊಬ್ಬಳಿಗೆ ಹೇಳು. ಸಾಕು."

*

ಸಂಘದ ಹಾಲ್ ಬಾಗಿಲಲ್ಲಿ ಮಾಮ ನಿಂತಿದ್ದ, ಕುತ್ತಿಗೆಗೆ ವೈರ್ ಸುತ್ಕೊಂಡು. ನಮ್ಮಮ್ಮನ ತಮ್ಮ. ಸಂಘದ ಲೈಟು, ಮೈಕು ಎಲ್ಲ ಅವನದೇ. ಟೈಲರಕ್ಕ ಯಾರಾದ್ರೂ ಪತ್ತೇದಾರರು ಸಿಗ್ತಾರಾ ಅಂತ ಕೇಳಿದಾಗ "ನಮ್ಮಕ್ಕನ ಮಗಳು ಇದಾಳೆ, ಮೊನ್ನೆ ತಾನೇ ಬೋರ್ಡ್ ಹಾಕಿದಾಳೆ" ಅಂತ ನನ್ನ ಹೆಸರು ಹೇಳಿದ್ದು ಅವನೇ. ನನ್ನ ಮೊದಲ ಕೇಸು. ಆ ರಾತ್ರಿ ಖುಷಿಗೆ ನಿದ್ದೆ ಬಂದಿರಲಿಲ್ಲ.

"ಏನಮ್ಮಾ ದೊಡ್ಡ ಮನುಷ್ಯಳೇ, ಸಿಕ್ನಾ ಕಳ್ಳ?" ಅಂತ ತಲೆ ಮೇಲೆ ಮೊಟಕಿದ.

"ಸಿಗ್ತಾನೆ ಇರು."

"ನಿಮ್ಮಮ್ಮನೂ ಬಂದಿದಾಳೆ. ಮಗಳು ಮೈಕ್ ಹಿಡಿಯೋದು ನೋಡ್ಬೇಕಂತೆ."

ಇಣುಕಿದೆ. ಮೂರನೇ ಸಾಲಲ್ಲಿ ಅಮ್ಮ, ತೊಡೆ ಮೇಲೆ ಬ್ಯಾಗ್ ಇಟ್ಕೊಂಡು. ಕೈ ಬೀಸಿದೆ. ಅವಳೂ ಬೀಸಿದ್ಲು. ವೇದಿಕೆ ಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ತಾ ಇದ್ರು. ನಾನು ಹಿಂದಿನ ಕೋಣೆಗೆ ಓಡಿದೆ.

ಮೇಷ್ಟ್ರು ಒಬ್ಬರೇ ಇದ್ರು. ಉದ್ದ ಮೇಜಿನ ಮೇಲೆ ಉಬ್ಬು ಅಂಚಿನ ಬಟ್ಟೆಗಳು ಸಾಲಾಗಿ. ಬೆರಳು ಮಡಚಕ್ಕಾಗದವರಿಗೆ ಎಲೆ ನಿಲ್ಲಿಸೋಕೆ ಗರಗಸದಲ್ಲಿ ಗೀರು ಹಾಕಿದ ಮರದ ತುಂಡುಗಳು. ನಡುಗೋ ಕೈಯವರಿಗೆ ಅಂತ ಎಲೆ ಕಲಸೋಕೆ ಒಂದು ಅಗಲ ತಟ್ಟೆ. ಒಂದೊಂದರಲ್ಲೂ ಒಬ್ಬೊಬ್ಬರ ಕೈ ನೆನಪಿಟ್ಟುಕೊಂಡು ಮಾಡಿದ್ದು. ಬೀಗ ಬಿದ್ರೆ ಇದೆಲ್ಲ ಗೋಣಿಚೀಲಕ್ಕೆ.

"ಬಂದ್ಯಾ ಪತ್ತೇದಾರಮ್ಮ," ಅಂದ್ರು. "ತೇಲಿಸ್ತೀಯೋ ಮುಳುಗಿಸ್ತೀಯೋ?"

"ವಿಡಿಯೋದಲ್ಲಿ ಬಲ ಮಣಿಕಟ್ಟು ತಿರುಗತ್ತೆ ಮೇಷ್ಟ್ರೇ. ನಿಮ್ಮದು ತಿರುಗಲ್ಲ. ತೇಲ್ತೀರಿ."

ಅವರ ಭುಜ ಇಳೀತು. "ನಾನು ಹೇಳಿರಲಿಲ್ವಾ? ನನಗೂ ಅದಕ್ಕೂ ಸಂಬಂಧ ಇಲ್ಲ ಅಂತ. ಆಣೆ ಮಾಡಿ ಹೇಳಿದ್ದೆ."

"ಹೇಳಿದ್ರಿ."

ಹೇಳಿ ಸುಮ್ಮನಿರಬಹುದಿತ್ತು. ಆಗಲಿಲ್ಲ. ಮೇಜಿನ ಅಂಚಿಗೆ ಹೆಬ್ಬೆರಳಿಂದ ಎರಡು ಸಲ ತಟ್ಟಿದೆ.

ಮೇಷ್ಟ್ರು ನನ್ನ ಹೆಬ್ಬೆರಳನ್ನೇ ನೋಡಿದ್ರು. ಕೂತ್ಕೊಂಡ್ರು.

"ಯಾರು ಹೇಳಿದ್ರು?"

"ಯಾರು ಹೇಳಬೇಕು? ನಿಮ್ಮ ಪಕ್ಕದಲ್ಲಿ ವರ್ಷಪೂರ್ತಿ ಕೂತೋರು."

"ಅವಳಿಗೆ ಏನೂ ಗೊತ್ತಿಲ್ಲ."

"ಮೊದಲನೇ ವಿಡಿಯೋದ ಮೊದಲನೇ ತಟ್ಟಿಗೇ ಗೊತ್ತಾಗಿದೆ ಮೇಷ್ಟ್ರೇ."

ಅವರು ತಮ್ಮ ಎಡಗೈನ ನೋಡ್ಕೊಂಡ್ರು, ಅದು ಏನೋ ಉತ್ತರ ಕೊಡತ್ತೆ ಅನ್ನೋ ಹಾಗೆ.

"ನನ್ನ ಪಾಠಕ್ಕೆ ಬರೋರಲ್ಲಿ ಮುಕ್ಕಾಲು ಜನಕ್ಕೆ ಒಂದು ಕೈ ಚೆನ್ನಾಗಿದೆ, ಒಂದು ಬರಲ್ಲ," ಅಂದ್ರು. "ಅವರಿಗೆ ತೋರಿಸ್ಬೇಕು. ಬರದೇ ಇರೋ ಕೈ ಏನು ಮಾಡ್ಬೇಕು, ಬರೋ ಕೈ ಏನು ಮಾಡ್ಬೇಕು ಅಂತ. ನನ್ನ ಹತ್ರ ಬರೋ ಕೈಯೇ ಇಲ್ವಲ್ಲ. ಗುಟ್ಟು ಹೇಳಿಕೊಡೋಕೆ ಸಂಘಾನ ಕೇಳಿದೆ. ಸದಸ್ಯರಲ್ಲದವರಿಗೆ ಹೇಳಕೂಡದು ಅಂದ್ರು. ಮತ್ತೆ ಕೇಳಿದೆ. ಅಧ್ಯಕ್ಷರು ಇದೇನು ಆಸ್ಪತ್ರೆನಾ ಅಂತ ನಕ್ಕರು. ಅದಕ್ಕೇ ಕದ್ದು ಮಾಡಿದೆ. ಪಾಠದವರು ಮನೇಲಿ ನೋಡ್ಕೊಂಡು ಕಲೀಲಿ ಅಂತ. ಊರಿಗೆಲ್ಲ ತೋರಿಸೋಕೆ ಅಲ್ಲ. ಅದು ಹೇಗೆ ಹೊರಗೆ ಬಂತೋ, ನನಗೆ ನಿಜವಾಗ್ಲೂ ಗೊತ್ತಿಲ್ಲ."

"ತಂಗೀನ ಯಾಕೆ ಕೂರಿಸಲಿಲ್ಲ?"

"ಅವಳು ಬೇಡ ಅಂತಿದ್ಲು. ಸಂಘಕ್ಕೆ ಕೊಟ್ಟ ಮಾತು ಅಂದ್ರೆ ಮಾತು ಅವಳಿಗೆ."

"ಕೇಳಿದ್ರಾ?"

ಅವರು ಮೇಜಿನ ಮೇಲಿನ ಬಟ್ಟೆಯೊಂದರ ಅಂಚು ಸರಿಮಾಡಿದ್ರು.

"ಆ ಬಲಗೈ ಯಾರದ್ದು?"

"ಅದು ಕೇಳಬೇಡ. ಅವನಿಗೆ ಮಾತು ಕೊಟ್ಟಿದೀನಿ. ನನ್ನನ್ನ ಓಡಿಸಿದ್ರೂ ಅವನ ಹೆಸರು ಹೇಳಲ್ಲ."

"ವಿಡಿಯೋ ಯಾರ ಫೋನಲ್ಲಿತ್ತು?"

"ಅವನ ಫೋನಲ್ಲಿ."

"ಅವನೊಬ್ಬನ ಫೋನಲ್ಲಿ ಮಾತ್ರ?"

ಮೇಷ್ಟ್ರು ತಲೆ ಎತ್ತಿ ನನ್ನ ನೋಡಿದ್ರು. ಆ ಪ್ರಶ್ನೇನ ಅವರು ಇದುವರೆಗೂ ತಮಗೆ ತಾವೇ ಕೇಳ್ಕೊಂಡಿರಲಿಲ್ಲ ಅಂತ ನನಗೆ ಆಗಲೇ ಗೊತ್ತಾಗಿದ್ದು. "ಅವನು ಅಂಥವನಲ್ಲ," ಅಂದ್ರು.

"ನಾನೂ ಅಂಥವಳಲ್ಲ ಅಂತ ನಿನಗೆ ಗೊತ್ತಿತ್ತಲ್ಲ ಅಣ್ಣ."

ಬಾಗಿಲಲ್ಲಿ ಟೈಲರಕ್ಕ. ಅಳತೆ ಟೇಪು ಇನ್ನೂ ಕುತ್ತಿಗೇಲೇ ಇತ್ತು. ಮೇಷ್ಟ್ರು ಎದ್ದು ನಿಂತ್ರು, ಮತ್ತೆ ಕೂತ್ರು.

"ಒಂದು ಮಾತು ಕೇಳಿದ್ರೆ ಬರ್ತಿದ್ದೆ," ಅಂದ್ರು ಟೈಲರಕ್ಕ. "ಬೈಕೊಂಡು ಬರ್ತಿದ್ದೆ. ಆದ್ರೆ ಬರ್ತಿದ್ದೆ."

"ಕೂತ್ಕೋ," ಅಂದ್ರು ಮೇಷ್ಟ್ರು.

"ಎಲ್ಲಿ ಕೂರಲಿ? ಜಾಗ ಕೊಟ್ಟುಬಿಟ್ಟಿದೀಯಲ್ಲ."

ಗೋಡೆ ಮೇಲಿನ ಸ್ಪೀಕರ್ ಕರಕರ ಅಂತು. ಹಾಲ್‌ನಲ್ಲಿ ಸಭೆ ಶುರುವಾಗಿತ್ತು. ಅಧ್ಯಕ್ಷರ ದನಿ ಬಂತು, ಮೇಷ್ಟ್ರ ಮೇಲಿನ ದೂರು ಓದಿದ್ರು, ಯಾರಿಗಾದ್ರೂ ಹೇಳೋದಿದ್ಯಾ ಅಂತ ಕೇಳಿದ್ರು.

ಆಮೇಲೆ ಇನ್ನೊಂದು ದನಿ.

"ನಾನು ಸದಸ್ಯ ಅಲ್ಲ, ಲೈಟ್ ನೋಡ್ಕೊಳ್ಳೋನು. ಮಾತಾಡಬಾರದು ಅಂತಿದ್ದೆ. ಮೇಷ್ಟ್ರು ನನಗೆ ಅಣ್ಣನ ಹಾಗೆ. ಆದ್ರೆ ಸುಳ್ಳನ್ನ ಎಷ್ಟು ದಿನ ಹೊಟ್ಟೇಲಿ ಇಟ್ಕೊಳ್ಳಲಿ? ಆ ಎಡಗೈ ಅವರದ್ದೇ. ಹತ್ತಿರದಿಂದ ನೋಡಿದೀನಿ. ಅನುಮಾನವೇ ಬೇಡ."

ಮಾಮ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದ ಮಾಮ. ಈ ಕೇಸ್ ಬಗ್ಗೆ ಬೆಳಿಗ್ಗೆ ಸಂಜೆ ವಿಚಾರಿಸ್ತಾ ಇದ್ದ, "ನಿನಗೆ ಯಾರ ಮೇಲೆ ಅನುಮಾನ" ಅಂತ ಕೇಳಿ ಕೇಳಿ ತಿಳ್ಕೊಳ್ತಾ ಇದ್ದ ಮಾಮ, ಇದನ್ನ ನನಗೆ ಯಾವತ್ತೂ ಹೇಳಿರಲಿಲ್ಲ.

ಮೇಷ್ಟ್ರು ಸ್ಪೀಕರನ್ನೇ ನೋಡ್ತಾ ಇದ್ರು. ಏಟು ತಿಂದವರ ಮುಖ ನೋಡಿದೀನಿ, ಇದು ಅದಲ್ಲ. ಕೊಟ್ಟ ಮಾತನ್ನ ಇನ್ನು ಎಲ್ಲಿಡೋದು ಅಂತ ಗೊತ್ತಾಗದವರ ಮುಖ.

"ಹತ್ತಿರದಿಂದಂತೆ," ಅಂದ್ರು, ಪಿಸುದನೀಲಿ. "ಪಕ್ಕದಲ್ಲೇ ಕೂತಿದ್ದನಲ್ಲ."

ಟೈಲರಕ್ಕ ನನ್ನ ಕಡೆ ತಿರುಗಿದ್ರು. ಇಬ್ಬರಿಗೂ ಒಂದೇ ಸಲ ಅರ್ಥ ಆಗಿತ್ತು: ಆ ಬಲಗೈ ಮಾಮನದು, ವಿಡಿಯೋ ಇದ್ದಿದ್ದೂ ಅವನ ಫೋನಲ್ಲೇ. ಟೈಲರಕ್ಕ ಪತ್ತೇದಾರರನ್ನ ಕೇಳಿದಾಗ ಮಾಮ ನನ್ನ ಹೆಸರು ಹೇಳಿದ್ದು ನಾನು ಚುರುಕು ಅಂತ ಅಲ್ಲ. ಇವಳ ಕೈಲಿ ಏನೂ ಆಗಲ್ಲ ಅಂತ. ಏನಾದ್ರೂ ಸಿಕ್ಕಿದ್ರೂ ತನಗೇ ಮೊದಲು ಬಂದು ಹೇಳ್ತಾಳೆ ಅಂತ. ಹೇಳಿದೆ ಕೂಡ. ಇವತ್ತು ಸಿಕ್ಕ ಮಣಿಕಟ್ಟು, ತಟ್ಟು ಎರಡು ಬಿಟ್ಟು ಎಲ್ಲ.

"ಈಗ ನನ್ನಕ್ಕನ ಮಗಳೇ ಬಂದು ಹೇಳ್ತಾಳೆ," ಅಂತು ಸ್ಪೀಕರ್. "ಪತ್ತೆ ಮಾಡಿರೋದು ಅವಳೇ. ಬಾಮ್ಮಾ."

"ಹೋಗ್ಬೇಡ," ಅಂದ್ರು ಮೇಷ್ಟ್ರು. "ತಡಿ, ಅವತ್ತು ಅಲ್ಲಿ ನಾವಿಬ್ಬರೇ ಇರಲಿಲ್ಲ, ಇನ್ನೂ..."

ಮುಂದಿನದು ಕೇಳೋಕೆ ನಾನು ನಿಲ್ಲಲಿಲ್ಲ. ಹೊರಟುಬಿಟ್ಟೆ.

*

ಹಾಲ್‌ನಲ್ಲಿ ಲೈಟು ನೆಟ್ಟಗೆ ಕಣ್ಣಿಗೆ ಹೊಡೀತಾ ಇತ್ತು. ಅವನೇ ಹಾಕಿದ ಲೈಟು. ಮೆಟ್ಟಿಲ ಹತ್ರ ಮಾಮ ಮೈಕ್ ಹಿಡ್ಕೊಂಡು ನಿಂತಿದ್ದ, ಅದೇ ನಗು. ಹಿಂದೆ ಬಾಗಿಲಲ್ಲಿ ಮೇಷ್ಟ್ರೂ ಟೈಲರಕ್ಕನೂ ಬಂದು ನಿಂತ್ರು, ನಡುವೆ ಒಬ್ಬರು ಹಾದುಹೋಗೋಷ್ಟು ಜಾಗ ಬಿಟ್ಟು.

ಮಣಿಕಟ್ಟಿನ ಒಂದು ಮಾತು ಹೇಳಿದ್ರೆ ಮೇಷ್ಟ್ರು ಉಳೀತಾರೆ, ಮಾಮನೂ ಉಳೀತಾನೆ. ಬಲಗೈ ಯಾರದ್ದು ಅನ್ನೋ ಎರಡನೇ ಮಾತೂ ಹೇ‍ಳಿದ್ರೆ ಇಬ್ಬರೂ ಹೋಗ್ತಾರೆ. ಮೇಜಿನ ಮೇಲಿನ ಬಟ್ಟೆ, ಮರದ ತುಂಡು ಎಲ್ಲವೂ.

ಮೈಕಿಗೆ ಕೈ ಚಾಚಿದೆ. ಮಾಮ ಅದರ ಬಾಯಿಗೆ ಅಂಗೈ ಮುಚ್ಚಿ ಬಗ್ಗಿದ.

"ಬಲಗೈ ಗೊತ್ತಾಯ್ತು ಅಂತ ನಿನ್ನ ಮುಖದಲ್ಲೇ ಇದೆ," ಅಂದ, ಮೆಲ್ಲಗೆ, ಮನೇಲಿ ಊಟಕ್ಕೆ ಕರೆಯೋ ದನೀಲಿ. "ಹೇಳು ಪುಟ್ಟಿ, ನಾನು ತಡೆಯಲ್ಲ. ಆದ್ರೆ ಹೇಳೋಕೆ ಮುಂಚೆ ನಮ್ಮಕ್ಕನ್ನ ಒಂದು ಮಾತು ಕೇಳು. ನಾವಿಬ್ಬರೂ ಮೇಜಿನ ಮುಂದೆ ಕೂತಿದ್ವಲ್ಲ, ಫೋನ್ ಹಿಡ್ಕೊಂಡು ನಿಂತಿದ್ದು ಯಾರು ಅಂತ."

ಮೈಕ್ ನನ್ನ ಕೈಗೆ ಬಂತು. ಏನೋ ತಪ್ಪು ಕೇಳಿಸ್ಕೊಂಡಿರಬೇಕು ಅಂತ ಮೂರನೇ ಸಾಲಿನ ಕಡೆ ನೋಡಿದೆ.

ಅಮ್ಮ ಆಗಲೇ ಎದ್ದು ನಿಂತಿದ್ಲು. ಪಕ್ಕದವರ ಕಾಲು ದಾಟಿ, ಕುರ್ಚಿಗಳ ನಡುವೆ ಜಾಗ ಮಾಡ್ಕೊಂಡು, ಬಾಗಿಲ ಕಡೆಗಲ್ಲ, ನನ್ನ ಕಡೆಗೆ ಬಂದ್ಲು. ತಮ್ಮನ ಮುಖ ನೋಡಲಿಲ್ಲ. ನನ್ನ ಮುಖಾನೂ ನೋಡಲಿಲ್ಲ.

"ಮೈಕ್ ಇಲ್ಲಿ ಕೊಡು," ಅಂದ್ಲು. "ಫೋನ್ ಹಿಡಿದಿದ್ದು ನಾನು, ಹೇಳೋದೂ ನಾನೇ. ನೀನು ಒಂದು ಮಾತೂ ಆಡಬೇಡ."